ಹಳದಿ ಬಗ್ಗಿಯ ತೋಳು

ಅಂಗಡಿಯ ಹಲಗೆಯ ಮೇಲೆ ರಿಮೋಟಿನಿಂದ ಓಡುವ ಎರಡು ಬಗ್ಗಿ ಕಾರುಗಳಿದ್ದವು. ಕೆಂಪು ಬಗ್ಗಿ ಹೊಚ್ಚಹೊಸದು, ಡಬ್ಬದ ಸೀಲು ಕೂಡ ಒಡೆದಿರಲಿಲ್ಲ. ಹಳದಿಯನ್ನು ಯಾರೋ ಓಡಿಸಿ ಮಾರಿದ್ದರು. ಅದರ ಹೊಟ್ಟೆಯ ತುಂಬ ಗೀರುಗಳು.

ಇಪ್ಪತ್ತು ವರ್ಷಗಳ ಹಿಂದೆ ಈ ಆಟದ ಹುಚ್ಚು ಬಿಟ್ಟಿದ್ದ ಶ್ರೀಪಾಲ ಒಳಗೆ ಬಂದ. ಕೆಂಪು ಬಗ್ಗಿ ಹೇಳಿತು: "ಇವನು ಪಳಗಿದವನು. ವೇಗ ಬೇಕೆನ್ನುತ್ತಾನೆ, ನನ್ನನ್ನೇ ಒಯ್ಯುತ್ತಾನೆ."

"ಮೊದಲು ಅವನ ಕೈ ನೋಡೋಣ," ಎಂದಿತು ಹಳದಿ.

ಅಂಗಡಿಯ ಮುನೀರ್ ಸಾಹೇಬರು ಹಳದಿಯನ್ನು ಅಂಗಳಕ್ಕಿಳಿಸಿ ರಿಮೋಟ್ ಕೊಟ್ಟರು. ಬಗ್ಗಿ ದೂರ ಹೋಗುವಾಗ ಎಲ್ಲ ಸರಿಯಿತ್ತು. ಅದು ತಿರುಗಿ ತನ್ನತ್ತ ಬರುವಾಗ ಎಡಬಲ ಅದಲುಬದಲಾಗುತ್ತದೆ ಎಂಬುದನ್ನು ಶ್ರೀಪಾಲನ ಕೈ ಮರೆತಿತ್ತು. ಬಗ್ಗಿ ಮೆಟ್ಟಿಲಿಗೆ ಬಡಿದು, ಮುಂದಿನ ಚಕ್ರವನ್ನು ಹಿಡಿದಿಡುವ ತೋಳು ಮುರಿಯಿತು. ಅಂಗಡಿಯೊಳಗಿನಿಂದ ಕೆಂಪು ನಕ್ಕಿತು.

"ನನ್ನಿಂದ ಆಗಲ್ಲ ಬಿಡಿ, ಸಾಹೇಬ್ರೆ," ಎಂದ ಶ್ರೀಪಾಲ.

ಸಾಹೇಬರು ಮೊಳೆಗೆ ನೇತುಹಾಕಿದ್ದ ಹೊಸ ತೋಳನ್ನೂ ಒಂದು ಸ್ಕ್ರೂಡ್ರೈವರನ್ನೂ ಅವನ ಮುಂದಿಟ್ಟರು. ಶ್ರೀಪಾಲ ಮೆಟ್ಟಿಲ ಮೇಲೆ ಕೂತ. ಮೊದಲ ಸ್ಕ್ರೂ ಕೈಜಾರಿ ಬಿತ್ತು. ಎರಡನೆಯದು ಸರಿಯಾಗಿ ಕೂತಿತು. ನಾಲ್ಕನೆಯದರ ಹೊತ್ತಿಗೆ ಅವನು ಶಿಳ್ಳೆ ಹಾಕುತ್ತಿದ್ದ.

"ಇದನ್ನೇ ಕೊಡಿ," ಎಂದ.

ಕೆಂಪು ಬಗ್ಗಿಗೆ ತಡೆಯಲಾಗಲಿಲ್ಲ. "ಮೊದಲ ಓಟಕ್ಕೇ ಮುರಿದದ್ದನ್ನು ಯಾರಾದರೂ ಕೊಳ್ಳುತ್ತಾರೆಯೆ?"

ಹಳದಿ ಶ್ರೀಪಾಲನ ಕಂಕುಳಿನಿಂದಲೇ ಉತ್ತರಿಸಿತು: "ಮುರಿದದ್ದು ನನ್ನ ತೋಳು, ಗೆಳೆಯ. ಕುದುರಿದ್ದು ಅವನ ಕೈ."