ಜಾಣಪ್ಪ ಬಾರದ ದಿನ

ನಡುವೆ ಹಳ್ಳವೊಂದು ಹರಿಯುವ ಕಾಡಿನಲ್ಲಿ ಪ್ರಾಣಿಗಳು ಒಂದು ಸಭೆ ಕಟ್ಟಿಕೊಂಡಿದ್ದವು. ಒಂದೊಂದು ಕುಲಕ್ಕೆ ಒಬ್ಬ ಪ್ರತಿನಿಧಿ. ಮುದಿ ಆನೆ ಗೌರಜ್ಜಿ ಸಭೆಯ ಅಧ್ಯಕ್ಷೆ, ಅವಳಿಗೆ ಮತವಿರಲಿಲ್ಲ. ಯಾವ ವಿಷಯ ಬಂದರೂ ಒಪ್ಪುವವರು ಬಂಡೆಯ ಬಳಿ, ಒಪ್ಪದವರು ನೇರಳೆ ಮರದ ಬಳಿ ನಿಲ್ಲಬೇಕು. ಎರಡೂ ಕಡೆ ಸಮನಾದರೆ ಮೊದಲಿದ್ದಂತೆಯೇ ನಡೆಯಬೇಕು. ಬಾರದವರು ಯಾವ ಲೆಕ್ಕಕ್ಕೂ ಇಲ್ಲ.

ಮುಂಗುಸಿಗಳ ಪ್ರತಿನಿಧಿ ಜಾಣಪ್ಪ. ಅವನ ಮಾತು ಬಲು ನಯ. ಆದರೆ ತಂಟೆಯ ವಿಷಯ ಬಂದ ದಿನ ಅವನು ಸಭೆಯಲ್ಲಿ ಕಾಣುತ್ತಿರಲಿಲ್ಲ. ಒಮ್ಮೆ ಕಾಲಿಗೆ ಮುಳ್ಳು, ಇನ್ನೊಮ್ಮೆ ನೆಂಟರ ಮನೆಯಲ್ಲಿ ನಾಮಕರಣ. ಹೀಗಾಗಿ ಅವನ ಮೇಲೆ ಯಾರಿಗೂ ಮುನಿಸಿರಲಿಲ್ಲ.

ಒಂದು ಬೇಸಿಗೆಯಲ್ಲಿ ಕಾಡುಹಂದಿ ಕೋರೆಣ್ಣ ಸಭೆಗೆ ಠರಾವು ತಂದ. ಹಳ್ಳದ ದಂಡೆಯಲ್ಲಿ ಒಳ್ಳೊಳ್ಳೆಯ ಗೆಡ್ಡೆಗಳಿವೆ, ಅಗೆಯಲು ನಮಗೆ ಅಪ್ಪಣೆ ಬೇಕು ಎಂದ. ಮುಂಗುಸಿ, ಮುಳ್ಳುಹಂದಿ, ಮೊಲಗಳ ಬಿಲಗಳು ಇದ್ದದ್ದು ಅದೇ ದಂಡೆಯಲ್ಲಿ. ಮಣ್ಣು ಸಡಿಲವಾದರೆ ಮಳೆಗಾಲದಲ್ಲಿ ಕುಸಿಯುವುದು ಖಂಡಿತ. ಮೂರು ದಿನ ಬಿಟ್ಟು ಮತಕ್ಕೆ ಹಾಕೋಣ ಎಂದಳು ಗೌರಜ್ಜಿ.

ಮಾರನೆಯ ದಿನ ಕೋರೆಣ್ಣ ಜಾಣಪ್ಪನನ್ನು ಪೊದೆಯ ಮರೆಗೆ ಕರೆದ.

"ನಮ್ಮ ಕಡೆ ನಿಲ್ಲು ಅಂತ ನಾನು ಕೇಳೋದಿಲ್ಲ ಜಾಣಪ್ಪ. ಆ ದಿನ ಬರಬೇಡ, ಅಷ್ಟೇ ಸಾಕು. ನಾವು ಅಗೆದಾಗ ಹುಳ, ಹಲ್ಲಿ, ಹಾವಿನ ಮೊಟ್ಟೆ ಎಲ್ಲ ಮೇಲೆ ಬರುತ್ತವೆ. ಅವೆಲ್ಲ ನಿನಗೇ."

"ಮತ್ತೆ ನನ್ನ ಬಿಲ?"

"ನಿನ್ನ ಬಿಲ ಮುಟ್ಟುತ್ತೇವೆಯೇ?"

ಜಾಣಪ್ಪನಿಗೆ ಇದು ಹಿಡಿಸಿತು. ಬಂಡೆಯ ಬಳಿ ನಿಂತರೆ ತನ್ನವರು ಬಯ್ಯುತ್ತಾರೆ. ನೇರಳೆ ಮರದ ಬಳಿ ನಿಂತರೆ ಮೊಟ್ಟೆ ಸಿಗುವುದಿಲ್ಲ. ಎಲ್ಲಿಯೂ ನಿಲ್ಲದಿದ್ದರೆ ಯಾರು ಏನು ಹೇಳಲು ಸಾಧ್ಯ?

ಪಕ್ಕದ ಬಿಲದ ಮುಳ್ಳುಹಂದಿ ಸೂಜಕ್ಕ ಅಂದು ಸಂಜೆ ಕೇಳಿದಳು. "ಮತದ ದಿನ ಬರ್ತೀಯಲ್ಲ, ತಮ್ಮಾ?"

"ನಾನು ನಿಮ್ಮವನೇ ಅಲ್ವೇನಕ್ಕ?" ಎಂದು ನಕ್ಕ ಜಾಣಪ್ಪ.

ಮತದ ದಿನ ಬೆಳಿಗ್ಗೆ ಹೊಟ್ಟೆನೋವಿಗೆ ಬೇರು ತರುತ್ತೇನೆಂದು ಹೆಂಡತಿ ಕೆಂಚಿಗೆ ಹೇಳಿ ಅವನು ಗುಡ್ಡ ಹತ್ತಿದ. ಇತ್ತ ಬಂಡೆಯ ಬಳಿ ಹಂದಿ, ಕರಡಿ, ಕಾಡುಕೋಣ, ಮುಸುವ ನಿಂತವು. ನೇರಳೆ ಮರದ ಬಳಿ ಮುಳ್ಳುಹಂದಿ, ಮೊಲ, ಉಡ. ಸೂಜಕ್ಕ ದಾರಿ ನೋಡಿದಳು, "ಇನ್ನೊಂದು ಗಳಿಗೆ ಕಾಯೋಣ ಅಜ್ಜಿ" ಎಂದಳು. ಗೌರಜ್ಜಿ ಕಾದಳು. ಆಮೇಲೆ ಎಣಿಸಿದಳು. ನಾಲ್ಕಕ್ಕೆ ಮೂರು. ಠರಾವು ಪಾಸಾಯಿತು.

ಹಂದಿಗಳು ದಂಡೆಯ ಉದ್ದಕ್ಕೂ ಅಗೆದವು. ಜಾಣಪ್ಪ ಹಿಂದೆಯೇ ಹೋಗಿ ಮೊಟ್ಟೆ ತಿಂದ. ಆದರೆ ಎಂಟನೆಯ ದಿನ ಅವನ ಬಿಲದ ಬಾಯಿಗೇ ಕೋರೆ ಬಿತ್ತು.

"ಕೋರೆಣ್ಣಾ, ನನ್ನ ಬಿಲ ಮುಟ್ಟಲ್ಲ ಅಂದಿದ್ದಿರಿ!"

"ಸಭೆ ಇಡೀ ದಂಡೆ ಅಂತ ಕೊಟ್ಟಿದೆ. ಬೇಡ ಅನ್ನೋದಿದ್ದರೆ ಅಲ್ಲಿ ಬಂದು ಹೇಳಬೇಕಿತ್ತು," ಎಂದು ಕೋರೆಣ್ಣ ತಲೆಯೆತ್ತದೆ ಅಗೆಯುತ್ತಲೇ ಇದ್ದ.

ಜಾಣಪ್ಪ ಗೌರಜ್ಜಿಯ ಬಳಿಗೆ ಓಡಿದ. "ಅಜ್ಜಿ, ನನ್ನ ಮತ ಈಗ ತೆಗೆದುಕೊಳ್ಳಿ. ನಾನು ನೇರಳೆ ಮರದ ಕಡೆ."

"ಆ ದಿನ ಮುಗಿಯಿತಪ್ಪ," ಎಂದಳು ಗೌರಜ್ಜಿ.

ಮೊದಲ ಮಳೆಗೇ ದಂಡೆ ಕುಸಿಯಿತು. ಕೆಂಚಿ ಮತ್ತು ಮರಿಗಳು ಮಣ್ಣಿನಡಿ ಸಿಕ್ಕಿಕೊಂಡರು. ಸೂಜಕ್ಕ ತನ್ನ ಬಿಲ ಹೋಗುತ್ತಿದ್ದರೂ ಬಿಟ್ಟು, ಕೆರೆದು ಕೆರೆದು ಅವರನ್ನು ಹೊರಗೆಳೆದಳು. ಅವಳ ಉಗುರುಗಳಿಂದ ರಕ್ತ ಒಸರುತ್ತಿತ್ತು. ಜಾಣಪ್ಪ ಅವಳ ಮುಖ ನೋಡಲಾರದೆ ನಿಂತ.

ಮನೆ ಕಳೆದುಕೊಂಡ ಮುಂಗುಸಿಗಳೆಲ್ಲ ಅವನ ಸುತ್ತ ಸೇರಿದವು.

"ನಾನು ನಿಮಗೆ ವಿರುದ್ಧವಾಗಿ ಮತ ಹಾಕಲಿಲ್ಲವಲ್ಲ!" ಎಂದ ಜಾಣಪ್ಪ.

ಒದ್ದೆ ಮರಿಯನ್ನು ಎದೆಗೆ ಒತ್ತಿಕೊಂಡಿದ್ದ ಕೆಂಚಿಯೇ ಉತ್ತರ ಕೊಟ್ಟಳು. "ನಮ್ಮ ಪರವಾಗಿಯೂ ಹಾಕಲಿಲ್ಲ. ನಿನ್ನನ್ನು ಕಳಿಸಿದ್ದು ಅದಕ್ಕೇ."

ಮುಂಗುಸಿಗಳು ಅವನನ್ನು ಅಲ್ಲಿಯೇ ಇಳಿಸಿ, ಕೆಂಚಿಯನ್ನು ಪ್ರತಿನಿಧಿಯಾಗಿ ಆರಿಸಿದವು. ಮರುದಿನ ಅವಳು ಸಭೆಗೆ ಹೊರಟಳು. ಜಾಣಪ್ಪ ಗುಡ್ಡದ ಕಲ್ಲುನೆಲದಲ್ಲಿ ಹೊಸ ಬಿಲ ತೋಡುತ್ತ ಉಳಿದ.

ನೀತಿ: ನಮ್ಮನ್ನು ನಂಬಿ ಕಳಿಸಿದವರಿಗಾಗಿ ನಿಲ್ಲಬೇಕಾದ ದಿನ ತಪ್ಪಿಸಿಕೊಳ್ಳುವುದೂ ಅವರಿಗೆ ಮಾಡುವ ದ್ರೋಹವೇ.