ಬೆಕ್ಕಿನ ಗೃಹಪ್ರವೇಶ

ರಷ್ಯಾದ ಒಂದು ಹಳ್ಳಿಯಲ್ಲಿ ಸವೇಲಿ ಎಂಬ ರೈತ ಹೊಸ ಮನೆ ಕಟ್ಟಿದ. ಒಂದು ಮೊಳೆಯನ್ನೂ ಹೊಡೆಯದೆ, ಬರೀ ಕೊಡಲಿಯಿಂದ ದಿಮ್ಮಿಗಳ ತುದಿ ಕೊರೆದು, ಒಂದರೊಳಗೊಂದು ಕೂರಿಸಿ, ಸಂದುಗಳಿಗೆ ಒಣಪಾಚಿ ತುರುಕಿದ ಮನೆ. ಅದನ್ನು ಕಂಡು ಜಮೀನ್ದಾರನ ಪಾರುಪತ್ಯಗಾರ ಪ್ರೊಖೋರನಿಗೆ ಬಾಯಲ್ಲಿ ನೀರೂರಿತು.

ಗೃಹಪ್ರವೇಶಕ್ಕೆ ಊರವರೆಲ್ಲ ಸೇರಿದ್ದಾಗಲೇ ಬಂದು ಗುಡುಗಿದ: "ಇವತ್ತಿನಿಂದ ಇದು ನನ್ನ ಅಪ್ಪಣೆ! ಹೊಸ ಮನೆಗೆ ಯಾರು ಮೊದಲು ಕಾಲಿಡ್ತಾರೋ ಮನೆ ಅವರದು. ಆಚೆ ಸರಿ, ನಾನೇ ಕಾಲಿಡ್ತೀನಿ."

ಸವೇಲಿ ಟೋಪಿ ತೆಗೆದು ಬಾಗಿಲು ತೆರೆದ. "ದಯಮಾಡಿಸಿ ಸ್ವಾಮಿ, ನಮ್ಮ ಪುಣ್ಯ! ಹೊಸ ಮನೆಗೆ ಮೊದಲು ಹೊಕ್ಕವರೇ ಮೊದಲು ಸಾಯೋದು ಅಂತ ನಮ್ಮ ಹಿರಿಯರು ಹೇಳ್ತಿದ್ರು. ಅದಕ್ಕೇ ನಾವು ಬೆಕ್ಕನ್ನ ಮುಂದೆ ಬಿಡ್ತೀವಿ. ಈಗ ನೀವೇ ಬಂದ್ರಿ, ಬೆಕ್ಕು ಬದುಕ್ಕೊಳ್ತು ಪಾಪ."

ಹೊಸ್ತಿಲ ಮೇಲೆ ಎತ್ತಿದ್ದ ಬೂಟುಗಾಲು ಹಾಗೇ ಹಿಂದೆ ಬಂತು. ಪ್ರೊಖೋರ ಬೆವರೊರೆಸಿಕೊಂಡ. "ಪದ್ಧತಿ ಅಂದ್ಮೇಲೆ ಪದ್ಧತಿ. ಬೆಕ್ಕೇ ಮೊದಲು ಹೋಗಲಿ!"

ಸವೇಲಿ ಬೆಕ್ಕನ್ನು ಬಿಟ್ಟ. ಅದು ನೆಟ್ಟಗೆ ಒಳಗೆ ಹೋಗಿ ಒಲೆಕಟ್ಟೆಯ ಮೇಲೆ ಮುದುಡಿ ಮಲಗಿತು. ಹಿಂದೆಯೇ ಪ್ರೊಖೋರ ನುಗ್ಗಹೊರಟ. ಸವೇಲಿ ಮೆಲ್ಲಗೆ ಅಡ್ಡ ಬಂದ.

"ತಡೀರಿ ಸ್ವಾಮಿ. ನಿಮ್ಮ ಅಪ್ಪಣೆ ಪ್ರಕಾರ ಮನೆ ಈಗ ಬೆಕ್ಕಿನದು. ನಾನೋ ಅದಕ್ಕೆ ಹತ್ತು ವರ್ಷ ಹಾಲು ಹಾಕಿದವನು, ನನ್ನನ್ನ ಹೇಗೋ ಮನೇಲಿ ಇಟ್ಕೊಳ್ಳುತ್ತೆ. ನಿಮ್ಮ ವಿಷಯ ಅದನ್ನೇ ಕೇಳಬೇಕು."