ಸುಳ್ಳುಗಾರರಿಗೆ ಏಳುವ ರಾಕ್ಷಸ

ಹೆದ್ದಾರಿ ಪಕ್ಕದ ಆ ಪಾರ್ಕಿನ ರೋಲರ್ ಕೋಸ್ಟರಿನಲ್ಲಿ, ಸುರಂಗದ ರಾಕ್ಷಸ ಸುಳ್ಳುಗಾರರನ್ನು ಕಂಡರೆ ಮಾತ್ರ ಏಳುತ್ತಾನೆಂದು ಆಗ ಎಲ್ಲರೂ ನಂಬಿದ್ದರು.

ಹಾಗೆ ನಂಬಿಸಿದವಳು ರೋಲರ್ ಕೋಸ್ಟರ್ ನಡೆಸುವ ದೇವೀರಮ್ಮ. ಆ ತಗಡಿನ ರಾಕ್ಷಸ ಒಮ್ಮೆ ಎದ್ದು ಹೊಗೆ ಉಗುಳುತ್ತಿದ್ದ, ಇನ್ನೊಮ್ಮೆ ಮಲಗೇ ಇರುತ್ತಿದ್ದ. ಒಂದು ದಿನ ಮಾಲೀಕ ಜಿನರಾಜಯ್ಯ ಬಂದು ಗುಡುಗಿದರು: "ನಾಳೆ ನಮ್ಮ ಹುಡುಗನಿಗೆ ಹೆಣ್ಣು ಕೊಡೋ ಬೀಗರು ಬರ್ತಾರೆ. ರಾಕ್ಷಸ ಏಳದಿದ್ರೆ ನಿನ್ನ ಕೆಲಸ ಹೋಯ್ತು ಅಂತ ತಿಳ್ಕೋ."

ಬೆಳಗಾಗುವಷ್ಟರಲ್ಲಿ ದೇವೀರಮ್ಮ ಬೋರ್ಡು ಬರೆಸಿ ನೇತುಹಾಕಿದ್ದಳು: "ರಾಕ್ಷಸ ಏಳುವುದು ಸುಳ್ಳುಗಾರರಿಗೆ ಮಾತ್ರ."

ಬೀಗರು ಅದನ್ನು ಗಟ್ಟಿಯಾಗಿ ಓದಿದರು. "ಭಲೇ! ಮೊದಲು ನೀವೇ ಕೂತ್ಕೊಳ್ಳಿ ಬೀಗರೇ. ನಿಮ್ಮ ಹುಡುಗ ಇಂಜಿನಿಯರ್ ಅಂದಿದ್ರಲ್ಲ?"

ಹುಡುಗ ಎರಡನೇ ವರ್ಷದಲ್ಲೇ ಕಾಲೇಜು ಬಿಟ್ಟಿದ್ದ. ಜಿನರಾಜಯ್ಯ ದೇವೀರಮ್ಮನನ್ನು ಪಕ್ಕಕ್ಕೆ ಕರೆದರು.

"ಅದು ಏಳಬಾರದು ಕಣಮ್ಮ!"

"ನಿನ್ನೆ ಏಳಲೇಬೇಕು ಅಂದ್ರಿ, ಸ್ವಾಮಿ."

"ಎದ್ರೆ ಮದುವೆ ಮುರಿಯುತ್ತೆ!"

"ಏಳದಿದ್ರೆ ನನ್ನ ಕೆಲಸ?"

"ನಿನ್ನ ಕೆಲಸ ಎಲ್ಲಿಗೂ ಹೋಗಲ್ಲ. ನನ್ನಾಣೆ!"

ಜಿನರಾಜಯ್ಯ ಕೂತು ಸುರಂಗ ದಾಟಿದರು; ರಾಕ್ಷಸ ಏಳಲಿಲ್ಲ. ಅವರು ಹರಿಶ್ಚಂದ್ರನ ಠೀವಿಯಲ್ಲಿ ಇಳಿದು ಬಂದರು. "ಈಗ ನೀವು, ಬೀಗರೇ."

ಬೀಗರು ಕೂತರು. ಸುರಂಗದಲ್ಲಿ ರಾಕ್ಷಸ ಎದ್ದು, ಘರ್ಜಿಸಿ, ಅವರ ಮುಖದ ತುಂಬ ಹೊಗೆ ಉಗುಳಿದ.

"ಹುಡುಗಿಗೆ ಇಪ್ಪತ್ಮೂರು ಅಂದಿದ್ರಿ, ಅಲ್ವಾ?" ಎಂದರು ಜಿನರಾಜಯ್ಯ.

ಬೀಗರು ಕೆಮ್ಮುತ್ತಲೇ ಒಪ್ಪಿಕೊಂಡರು. "ಇಪ್ಪತ್ತೊಂಬತ್ತು."

ಬೀಗರು ಕೂರುವ ಹೊತ್ತಿಗೆ ಸರಿಯಾಗಿ ಪಾರ್ಕಿನ ಕ್ಯಾಂಟೀನಿನವರು ದೋಸೆ ಹಿಟ್ಟು ರುಬ್ಬಿ ಮುಗಿಸಿ ಗ್ರೈಂಡರ್ ನಿಲ್ಲಿಸಿದ್ದರು. ಅದಕ್ಕೂ ರಾಕ್ಷಸನಿಗೂ ಇದ್ದದ್ದು ಒಂದೇ ಕರೆಂಟ್ ಲೈನು, ಎರಡನ್ನೂ ಒಟ್ಟಿಗೆ ಎಳೆಯುವ ಶಕ್ತಿ ಅದಕ್ಕಿರಲಿಲ್ಲ.